ತರಿಸದ ಮಾಲಿನ ಬಿಲ್ಲು

ಬೆಳಗಾವಿ

ಚಿರಂಜೀವಿ ಅಳಿಯನಿಗೆ ನಿನ್ನ ಅತ್ತಿಯ ಆಶೀರ್ವಾದಗಳು.

ನಾವು ತರಿಸದ ಮಾಲಿಗೆ ಬಿಲ್ಲು ಬಂದಿದೆ ಎಂದು ನೀನು ಇಳಕಲ್ಲಿನ ನಮ್ಮ ಸೀರೆ ಅಂಗಡಿಯಿಂದ ಕಳಿಸಿದ ಎರಡೂ ಇಮೇಲ್ ನೋಡಿದೆ. ಯಾರಿಗೂ ಒಂದು ರೂಪಾಯಿ ಹಾಕಬೇಡ. ಅದರಲ್ಲಿರುವ ನಂಬರಿಗೆ ಫೋನೂ ಮಾಡಬೇಡ, ಬೈಯೋಕೂ ಮಾಡಬೇಡ. ಇದನ್ನು ನಿನಗಿಂತ ಜಾಸ್ತಿ ನಿಮ್ಮಪ್ಪನಿಗೆ ಹೇಳುತ್ತಿದ್ದೇನೆ. ನನ್ನ ತಮ್ಮನ ಸಿಟ್ಟು ನನಗೆ ಗೊತ್ತಿಲ್ವಾ? "ನಾ ಯಾವಾಗ ತರಿಸೀನಿ?" ಅಂತ ಜಗಳಕ್ಕೆ ನಿಲ್ಲುವವರೇ ಆ ಕಳ್ಳರಿಗೆ ಬೇಕು.

ಮೊದಲನೆಯದು ಆ್ಯಂಟಿವೈರಸ್ ಬಿಲ್ಲು. 24 ತಾಸಿನಲ್ಲಿ ಹಣ ಕಟ್ಟಾಗುತ್ತದೆ, ಬೇಡವಾದರೆ ಕರೆ ಮಾಡಿ ಎಂದಿದೆ. ಇಡೀ ಇಮೇಲಿನಲ್ಲಿ ಅವರಿಗೆ ಬೇಕಾದದ್ದು ಆ ಕೊನೆಯ ಸಾಲು ಮಾತ್ರ. ಕರೆ ಮಾಡಿದರೆ ಆ ಕಡೆಯವನು ಬಹಳ ಮೆತ್ತಗೆ ಮಾತಾಡುತ್ತಾನೆ. ರದ್ದು ಮಾಡಿ ಹಣ ವಾಪಸ್ ಹಾಕುತ್ತೇನೆ, ಒಂದು ಆ್ಯಪ್ ಹಾಕಿಕೊಳ್ಳಿ ಎನ್ನುತ್ತಾನೆ. ಎನಿಡೆಸ್ಕ್, ಟೀಮ್‌ವ್ಯೂವರ್ ಇಂಥವು. ಅವು ಕೆಟ್ಟ ಆ್ಯಪ್ ಅಲ್ಲ, ದೂರ ಕೂತು ಕಂಪ್ಯೂಟರ್ ರಿಪೇರಿ ಮಾಡುವವರು ಬಳಸುತ್ತಾರೆ. ಆದರೆ ಅದರಲ್ಲಿ ಕಾಣುವ ಕೋಡ್ ಹೇಳಿ ಒಪ್ಪಿಗೆ ಒತ್ತಿದರೆ ನಿನ್ನ ಪರದೆಯೆಲ್ಲ ಅವನಿಗೆ ಕಾಣುತ್ತದೆ, ಒಟಿಪಿ ಸಹ. ಇನ್ನು ಕೆಲವರು ಹಣ ಬರಲು ಯುಪಿಐ ಪಿನ್ ಹಾಕಿ ಎನ್ನುತ್ತಾರೆ. ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ.

ಕಳಿಸಿದವರ ವಿಳಾಸ ಸರಿಯಿದೆ ಅಂತ ಬರೆದಿದ್ದೀಯ. ಅದನ್ನೇ ನಂಬಬೇಡ. ಹಣ ಪಾವತಿಯ ಅಸಲಿ ಕಂಪನಿಗಳಲ್ಲಿ ಖಾತೆ ತೆರೆದು, ಅಲ್ಲಿಂದಲೇ ಸುಳ್ಳು ಬಿಲ್ಲು ಕಳಿಸುವವರೂ ಇದ್ದಾರೆ. ಹಣ ಹೋಗಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ನಮ್ಮ ಬ್ಯಾಂಕಿನ ಸ್ಟೇಟ್‌ಮೆಂಟ್. ಅದನ್ನು ತೆಗೆದು ನೋಡು, ಸಾಕು.

ಎರಡನೆಯ ಬಿಲ್ಲು ಜಾಣನ ಕೆಲಸ. ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆದೇ ತಲೆ ಬೆಳ್ಳಗಾದವಳು ನಾನು, ಓದಿ ಸ್ವಲ್ಪ ಖುಷಿಯೂ ಆಯ್ತು. ಸೂರತ್‌ನಿಂದ ಜರಿ, 46,200 ರೂಪಾಯಿ ಬಾಕಿ. ಸೀರೆ ಅಂಗಡಿಗೆ ಜರಿ ಬರುವುದು ಸಹಜ ಅಲ್ವಾ? ಮೊತ್ತವನ್ನೂ 50,000ದ ಒಳಗೇ ಇಟ್ಟಿದ್ದಾನೆ, ದಾಟಿದ್ದರೆ ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಎಲ್ಲಿ ಎಂದು ನಾವು ಕೇಳುತ್ತಿದ್ದೆವು. ಆದರೆ ಜಿಎಸ್‌ಟಿ ನಂಬರ್ ನೋಡು. 29ರಿಂದ ಶುರುವಾಗಿದೆ. ಅದು ಕರ್ನಾಟಕದ್ದು, ಗುಜರಾತಿನದು 24. ತೆರಿಗೆಯನ್ನೂ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಎಂದು ಎರಡು ಪಾಲು ಮಾಡಿದ್ದಾನೆ, ಅದು ಒಂದೇ ರಾಜ್ಯದೊಳಗಿನ ಮಾರಾಟಕ್ಕೆ. ಬೇರೆ ರಾಜ್ಯದಿಂದ ಮಾಲು ಬಂದರೆ ಹಾಕಬೇಕಾದದ್ದು ಐಜಿಎಸ್‌ಟಿ.

ಮುಂದಿನವನು ಇಷ್ಟು ತಪ್ಪು ಮಾಡಲಿಕ್ಕಿಲ್ಲ. ಅಸಲಿ ವ್ಯಾಪಾರಿಯ ನಂಬರನ್ನೇ ಕದ್ದು ಹಾಕಬಹುದು. ಹಾಗಾಗಿ ಬಿಲ್ಲು ಬಂದರೆ ಮೂರು ಕಾಗದ ಹೊಂದಿಸು: ನಾವು ಕೊಟ್ಟ ಆರ್ಡರ್, ಲಾರಿಯವರ ರಸೀದಿ, ಮಾಲು ಇಳಿಸಿಕೊಂಡವರ ಸಹಿ. ಫೋನಿನಲ್ಲೇ ಆರ್ಡರ್ ಕೊಡುವ ರೂಢಿ ನಿಮ್ಮಪ್ಪನದು, ಅದನ್ನಾದರೂ ಒಂದು ವಹಿಯಲ್ಲಿ ಬರೆದಿಡು. ಮಾರಿದವರು ಜಿಎಸ್‌ಟಿ ರಿಟರ್ನ್ ತುಂಬಿದ್ದರೆ ಆ ಬಿಲ್ಲು ನಮ್ಮ ಜಿಎಸ್‌ಟಿ ಖಾತೆಯ 2ಬಿಯಲ್ಲಿಯೂ, ಅಂದರೆ ನಮ್ಮ ಖರೀದಿ ಬಿಲ್ಲುಗಳ ಪಟ್ಟಿಯಲ್ಲಿಯೂ ಕಾಣುತ್ತದೆ. ಹಳೆಯ ವ್ಯಾಪಾರಿಯ ಹೆಸರಿನಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಬಂದರೆ, ಡೈರಿಯಲ್ಲಿರುವ ಹಳೆ ನಂಬರಿಗೇ ಫೋನ್ ಮಾಡಿ ಕೇಳು.

ಅಕಸ್ಮಾತ್ ಹಣ ಹೋದರೆ ನಾಚಿಕೊಂಡು ಕೂರಬೇಡ. ನೆಟ್ ಬಂದ್ ಮಾಡು, ಬ್ಯಾಂಕಿಗೆ ತಿಳಿಸು, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಲು ಆಗುತ್ತದೆ. ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹೇಳಿದ್ದ ಪ್ರಕಾರ, ಒಟಿಪಿ ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕ ಹೋದದ್ದು ನಮ್ಮ ಪಾಲಿಗೆ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಪಾಲಿಗೆ.

ಎರಡೂ ಇಮೇಲನ್ನು ಫಿಶಿಂಗ್, ಅಂದರೆ ಮೋಸದ ಇಮೇಲ್ ಎಂದು ರಿಪೋರ್ಟ್ ಮಾಡು. ಜರಿ ಬಿಲ್ಲಿನದು ಒಂದು ಪ್ರಿಂಟ್ ತೆಗೆದಿಡು, ಅಂಗಡಿಯ ಹುಡುಗರಿಗೆ ತೋರಿಸಲು ಬೇಕು. ನಿಮ್ಮಪ್ಪನ ಫೋನಿನಲ್ಲಿ ಎನಿಡೆಸ್ಕ್‌ನಂಥ ಆ್ಯಪ್ ಈಗಾಗಲೇ ಕೂತಿದೆಯಾ ಎಂದು ರಾತ್ರಿ ಊಟ ಆದ ಮೇಲೆ ಅವನೆದುರಿಗೇ ನೋಡಿ ನನಗೆ ತಿಳಿಸು.

ಇಂತಿ,
ನಿನ್ನ ಅತ್ತಿ