ಮಗಳನ್ನು ಯಾವ ಲಾ ಕಾಲೇಜಿಗೆ ಸೇರಿಸೋದು?

ಪ್ರಿಯ ಗೆಳೆಯಾ,

ಮಗಳು ಪಿಯುಸಿ ಆದಮೇಲೆ ಲಾ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ ಎಂದು ಬರೆದಿದ್ದೀಯ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲೇ ಆಗಬೇಕಾ, ಶಿವಮೊಗ್ಗದಲ್ಲೇ ಓದಿದರೂ ಕೆಲಸ ಸಿಗುತ್ತಾ ಅಂತ ಕೇಳಿದ್ದೀಯ. ಕಾಲೇಜಿನ ಹೆಸರಿಗೆ ಬೆಲೆ ಇಲ್ಲ ಅಂತ ಸುಮ್ನೆ ಸಮಾಧಾನ ಹೇಳಲಾರೆ. ಬೆಲೆ ಇದೆ. ಎಲ್ಲಾ ಕಡೆ ಇಲ್ಲ, ಅಷ್ಟೇ.

ದೊಡ್ಡ ಕಾರ್ಪೊರೇಟ್ ಲಾ ಫರ್ಮ್‌ಗಳು ಅಂಥ ಕ್ಯಾಂಪಸ್ಸಿಗೇ ಹೋಗಿ, ಓದು ಮುಗಿಯುವ ಮೊದಲೇ ಹುಡುಗರನ್ನು ಆರಿಸಿಕೊಳ್ಳುತ್ತವೆ. ಇಂಟರ್ನ್‌ಶಿಪ್ ಕೇಳಿ ನಮ್ಮೂರಿನ ಹುಡುಗಿ ಕಳಿಸಿದ ಇ-ಮೇಲ್‌ಗೆ ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಬುದ್ಧಿ ಕಡಿಮೆ ಅಂತಲ್ಲ. ರಾಶಿ ಅರ್ಜಿ ಬಂದಾಗ ಜರಡಿ ಹಿಡಿಯಲು ಕಾಲೇಜಿನ ಹೆಸರು ಸುಲಭ. ನನಗೆ ಸಿಟ್ಟು ಬರುವುದು ಇಲ್ಲೇ. ಆ ಜರಡಿ ನಿಜಕ್ಕೂ ಆಡುವುದು ಪಿಯುಸಿ ವಯಸ್ಸಿನಲ್ಲಿ, ನ್ಯಾಷನಲ್ ಲಾ ಸ್ಕೂಲಿನಂಥ ಕಾಲೇಜುಗಳ ಪ್ರವೇಶಕ್ಕೆ ಬರೆಯುವ ಕ್ಲ್ಯಾಟ್ ಪರೀಕ್ಷೆಯ ದಿನ. 120 ಪ್ರಶ್ನೆ, ಎರಡು ಗಂಟೆ, ಪೂರ್ತಿ ಇಂಗ್ಲಿಷು, ಉದ್ದುದ್ದ ಪ್ಯಾರಾ ಓದಿ ಉತ್ತರಿಸಬೇಕು. ಹೊಸನಗರದ ಕನ್ನಡ ಶಾಲೆಯ ಮಕ್ಕಳಿಗೂ ಬೆಂಗಳೂರಿನ ಕೋಚಿಂಗ್ ಮಕ್ಕಳಿಗೂ ಅದೇ ಎರಡು ಗಂಟೆ. ಅವತ್ತಿನ ರ‍್ಯಾಂಕು ಲಾ ಮುಗಿದಮೇಲೂ ಬೆನ್ನು ಬಿಡುವುದಿಲ್ಲ.

ಆದರೂ ಬರೆಯಲಿ. ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಲಾ ಸ್ಕೂಲಿನಲ್ಲಿ ಶೇ 25 ಮೀಸಲಾತಿ ಇದೆ. ಶುಲ್ಕ ಮಾತ್ರ ಲಕ್ಷಗಟ್ಟಲೆ. ಸಾಲ ಮಾಡಿ ಓದಿದರೆ ಅದನ್ನು ತೀರಿಸಲು ಫರ್ಮಿನ ಸಂಬಳವೇ ಬೇಕು. ಊರಿನ ಕೋರ್ಟಿಗೆ ಬರುವ ಮನಸ್ಸಿದ್ದರೂ ಆಮೇಲೆ ಬರಲಾಗುವುದಿಲ್ಲ.

ನಮ್ಮ ಊರಿನ ಕೋರ್ಟಿನ ವಕೀಲರಲ್ಲಿ ಯಾವ ಕಾಲೇಜು ಅಂತ ಯಾರೂ ಕೇಳುವುದಿಲ್ಲ. 'ಯಾರ ಆಫೀಸು?' ಅಂತಾರೆ, ಅಂದರೆ ಯಾವ ಸೀನಿಯರ್ ವಕೀಲರ ಹತ್ತಿರ ಕೆಲಸ ಅಂತ. ಅದೂ ಹೆಸರಿನ ಆಟವೇ ಅಲ್ವಾ? ವಕೀಲರ ಮಗನಿಗೆ ಅಪ್ಪನ ಕಕ್ಷಿದಾರರು ಇರುತ್ತಾರೆ. ಅಡಿಕೆ ಬೆಳೆಗಾರನ ಮಗಳು ಸೀನಿಯರ್ ಪರವಾಗಿ ವಾಯಿದೆ ಕೇಳುತ್ತಾ ವರ್ಷಗಳನ್ನೇ ಕಳೆಯಬೇಕು. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿತು. ಶಿಫಾರಸು ಅಷ್ಟೇ, ಕಡ್ಡಾಯವಲ್ಲ. ಪೆಟ್ರೋಲ್ ಖರ್ಚು ಹುಟ್ಟಿದರೆ ಸಾಕು ಅನ್ನುವಂಥ ಆಫೀಸುಗಳು ಈಗಲೂ ಇವೆ.

ಮೊನ್ನೆ ಸಂಜೆ ಸಾಗರ ಕಡೆಯ ಅಜ್ಜ ಒಬ್ಬರು ಬಂದಿದ್ದರು. ಶರಾವತಿ ಅಣೆಕಟ್ಟಿನ ಮುಳುಗಡೆಯಲ್ಲಿ ಜಮೀನು ಕಳೆದುಕೊಂಡ ಕುಟುಂಬ. ಸರ್ಕಾರ ಕೊಟ್ಟ ಜಾಗ ದಾಖಲೆಯಲ್ಲಿ ಇನ್ನೂ ಅರಣ್ಯ. ಪ್ಲಾಸ್ಟಿಕ್ ಕವರಿನಿಂದ ಹಳೇ ಪಹಣಿ, ಒದ್ದೆಯಾಗಿ ಅಂಟಿಕೊಂಡ ಹಕ್ಕುಪತ್ರದ ನಕಲು ತೆಗೆದಿಟ್ಟರು. ನನ್ನ ಜೂನಿಯರ್, ಇಲ್ಲೇ ಓದಿದ ಹುಡುಗಿ, ಅವನ್ನು ಮೇಜಿನ ಮೇಲೆ ವರ್ಷದ ಪ್ರಕಾರ ಜೋಡಿಸಿದಳು. ಸರ್ವೆ ನಂಬರಿನ ಮೇಲೆ ಬೆರಳಿಟ್ಟು, 'ಸಾರ್, ಇಲ್ಲಿ ಅಜ್ಜನ ಅಪ್ಪನ ಹೆಸರೇ ಬೇರೆ ಇದೆ' ಅಂದಳು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇವಳ ಬಯೋಡೇಟಾ ನೋಡಿ ಬೆಂಗಳೂರಿನ ಒಂದು ಫರ್ಮೂ ಕರೆದಿರಲಿಲ್ಲ.

ಅವಳ ಕಣ್ಣು ಈಗ ಸಿವಿಲ್ ಜಡ್ಜ್ ಪರೀಕ್ಷೆಯ ಮೇಲಿದೆ. ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು ಅಂತ ಸುಪ್ರೀಂ ಕೋರ್ಟು 2025ರ ಮೇನಲ್ಲಿ ಹೇಳಿದ್ದರಿಂದ ಕಾಯುತ್ತಿದ್ದಾಳೆ. ಅಲ್ಲಿ ಯಾವ ಕಾಲೇಜು ಅನ್ನುವುದಕ್ಕೆ ಅಂಕವಿಲ್ಲ. ಕನ್ನಡ–ಇಂಗ್ಲಿಷ್ ಅನುವಾದಕ್ಕೇ ಒಂದು ಪತ್ರಿಕೆ ಇದೆ, ನಿನ್ನ ಮಗಳಿಗೆ ಅದು ಸಲೀಸು.

ಕ್ಲ್ಯಾಟ್ ಈಚೆಗೆ ಡಿಸೆಂಬರಿನಲ್ಲೇ ನಡೆಯುತ್ತದೆ, ಅರ್ಜಿ ತಡ ಮಾಡಬೇಡ. ದಸರಾ ರಜೆಗೆ ಮೊದಲು ಅವಳನ್ನು ಕೋರ್ಟಿಗೆ ಕರೆದುಕೊಂಡು ಬಾ, ಒಂದೆರಡು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಲಿ. ಸಾಲದ ಲೆಕ್ಕ ಅವಳ ಎದುರಿಗೇ ಹಾಕೋಣ. ನಾವಿಬ್ಬರೇ ತೀರ್ಮಾನ ಮಾಡುವುದು ಬೇಡ.

ಇಂತಿ ನಿನ್ನ ಗೆಳೆಯ