ಬರೀ ಸ್ಪೀಕರ್ ಬದಲಿಸುವ ಕೆಲಸವನ್ನು ನಿಲ್ಲಿಸುತ್ತಿದ್ದೇವೆ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳಿಂದ ನಮ್ಮ ಕೆಲಸದ ರೀತಿ ಬದಲಾಗುತ್ತಿದೆ. ಕಾರಿನ ಕಂಪನಿ ಸ್ಪೀಕರ್ ಬಿಚ್ಚಿ, ಅದೇ ಜಾಗಕ್ಕೆ ಹೊಸದನ್ನು ಕೂರಿಸಿ ಒಂದೆರಡು ಗಂಟೆಯಲ್ಲಿ ಕಳುಹಿಸಿಕೊಡುತ್ತಿದ್ದೆವಲ್ಲ, ಅದನ್ನು ಇನ್ನು ಮಾಡುವುದಿಲ್ಲ. ಇನ್ನು ಮುಂದೆ ಸ್ಪೀಕರ್ ಜೊತೆ ಬಾಗಿಲಿನ ಕೆಲಸವೂ, ಅಂದರೆ ಬಾಗಿಲೊಳಗಿನ ತಗಡಿನ ಅದುರಾಟ ತಗ್ಗಿಸಿ ತೂತು ಮುಚ್ಚುವುದೂ, ಸೇರಿರುತ್ತದೆ. ಅದಕ್ಕೆ ಇಡೀ ಒಂದು ದಿನ ಬೇಕು. ನಾಲ್ಕೂ ಬಾಗಿಲಿಗೆ ಒಟ್ಟಿಗೆ ಸ್ಪೀಕರ್ ಹಾಕುವ ಪ್ಯಾಕೇಜ್ ಕೂಡ ಇರುವುದಿಲ್ಲ. ಸುಮ್ನೆ ಬೋರ್ಡ್ ಬದಲಿಸಿ ಕೂರುವುದು ಸರಿಯಲ್ಲ, ಕಾರಣ ಹೇಳಬೇಕು ಅನ್ನಿಸಿತು.

ಸ್ವಲ್ಪ ದಿನದ ಹಿಂದೆ ಒಬ್ಬ ಗ್ರಾಹಕರು ವಾಪಸ್ ಬಂದರು. ವಾರದ ಮುಂಚೆ ನಮ್ಮಲ್ಲೇ ಒಳ್ಳೆಯ ಸ್ಪೀಕರ್ ಹಾಕಿಸಿದ್ದರು. ದಿನವೂ ದೂರ ಓಡಾಡುವವರು, ಕಾರಲ್ಲಿ ಹಾಡು ಕೇಳುವುದೇ ಅವರಿಗೆ ನೆಮ್ಮದಿ. "ಜೋರಾಗೇನೋ ಇದೆ, ಆದ್ರೆ ಬೇಸ್ ಎಲ್ಲಿ ಹೋಯ್ತು?" ಅಂತ ಕೇಳಿದರು. ನಾವೂ ಕಾರಲ್ಲಿ ಕೂತು ಕೇಳಿದೆವು. ಅವರು ಹೇಳಿದ್ದು ನಿಜ. ತಾಳದ ಝಲ್ಲು ಚೆನ್ನಾಗಿ ಕೇಳುತ್ತಿತ್ತು, ಮೃದಂಗದ ಎಡಗಡೆಯ ತುಂಬುದನಿ ಮಾತ್ರ ಮೊದಲಿಗಿಂತ ಕಡಿಮೆಯಾಗಿತ್ತು. ವಾಲ್ಯೂಮ್ ಏರಿಸಿದರೆ ಬಾಗಿಲೇ ಗರಗರ ಅನ್ನುತ್ತಿತ್ತು.

ಸ್ಪೀಕರ್‌ನಲ್ಲಿ ಏನೂ ತಪ್ಪಿರಲಿಲ್ಲ. ಅವತ್ತೇ ಮುಂದಿನ ಎರಡೂ ಬಾಗಿಲು ಮತ್ತೆ ಬಿಚ್ಚಿದೆವು. ಒಳಗೆ ತಗಡಿನ ಅದುರಾಟ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸಿ, ಒಳತಗಡಿನ ತೂತುಗಳನ್ನು ಮುಚ್ಚಿ, ಸ್ಪೀಕರ್ ಕೆಳಗೆ ಗಟ್ಟಿ ರಿಂಗ್ ಕೂರಿಸಿದೆವು. ಸಂಜೆ ಅದೇ ಸ್ಟೀರಿಯೊದಲ್ಲಿ ಅದೇ ಹಾಡು ಹಾಕಿದರೆ ಎಡಗಡೆಯ ದನಿ ವಾಪಸ್ ಬಂದಿತ್ತು. ಹಾಡು ಮುಗಿಯುವವರೆಗೂ ಅವರು ಕಾರಿಂದ ಇಳಿಯಲಿಲ್ಲ. ಇಳಿದ ಮೇಲೆ, "ಇದನ್ನ ಮೊದಲೇ ಮಾಡಬಹುದಿತ್ತಲ್ವಾ?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ಈ ತೀರ್ಮಾನ ಮಾಡಿದೆವು.

ಬಾಗಿಲಿಗೂ ಬೇಸ್‌ಗೂ ಏನು ಸಂಬಂಧ ಅಂತ ತುಂಬ ಜನ ಕೇಳುತ್ತಾರೆ. ಸ್ಪೀಕರ್‌ನ ಕೋನ್, ಅಂದರೆ ಹಿಂದೆ ಮುಂದೆ ಆಡುವ ಬಟ್ಟಲಿನಂಥ ಭಾಗ, ಮುಂದೆ ಬಂದಾಗ ಎದುರಿನ ಗಾಳಿಯನ್ನು ತಳ್ಳುತ್ತದೆ. ಅದೇ ಗಳಿಗೆಯಲ್ಲಿ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಹಾಗಾಗಿ ಮುಂದಿನ ಸದ್ದು, ಹಿಂದಿನ ಸದ್ದು ಒಂದಕ್ಕೊಂದು ವಿರುದ್ಧ. ಎರಡೂ ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ತಾಳದ ಝಲ್ಲಿನಂಥ ಸಣ್ಣ ದನಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ದಪ್ಪ ದನಿಗೆ ಮಾತ್ರ ದೊಡ್ಡ ಪೆಟ್ಟು, ಯಾಕಂದ್ರೆ 100 ಹರ್ಟ್ಜ್‌ನ ಒಂದು ಅಲೆಯ ಉದ್ದವೇ ಸುಮಾರು 3.4 ಮೀಟರ್. ಅಷ್ಟುದ್ದದ ಅಲೆಗೆ ಗೇಣಗಲದ ತಗಡು ಅಡ್ಡವೇ ಅಲ್ಲ, ಸುತ್ತಿ ಬಂದುಬಿಡುತ್ತದೆ. ಮನೆಯ ಸ್ಪೀಕರ್‌ಗೆ ಮರದ ಡಬ್ಬ ಇರುವುದು ಇದೇ ಕಾರಣಕ್ಕೆ.

ಕಾರಿನಲ್ಲಿ ಆ ಡಬ್ಬದ ಕೆಲಸ ಮಾಡಬೇಕಾದದ್ದು ಬಾಗಿಲು. ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಮುಚ್ಚಳ, ತೆಗೆದು ನಿಮಗೊಮ್ಮೆ ತೋರಿಸುವ ಆಸೆ ನಮಗೆ. ಗ್ಲಾಸ್ ಮೆಷಿನ್‌ಗೆ, ಲಾಕ್‌ಗೆ ಅಂತ ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳಿರುತ್ತವೆ. ಎಷ್ಟೋ ಕಾರುಗಳಲ್ಲಿ ಅವುಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಹೊರತಗಡನ್ನು ಬೆರಳಿಂದ ಬಡಿದರೆ ಡಬ್ಬ ಬಡಿದ ಹಾಗೆ ಕೇಳುತ್ತದೆ. ಕಂಪನಿ ಸ್ಪೀಕರ್‌ಗೆ ಸಾಮಾನ್ಯವಾಗಿ ಹಗುರವಾದ ಪೇಪರ್ ಕೋನ್, ಚಿಕ್ಕ ಮ್ಯಾಗ್ನೆಟ್. ಅದು ಬಾಗಿಲನ್ನು ಜಾಸ್ತಿ ಅಲ್ಲಾಡಿಸುವುದೂ ಇಲ್ಲ. ಹೊಸ ಸ್ಪೀಕರ್ ಬಲವಾದದ್ದು. ಅದು ಹಾಡಿನ ಜೊತೆ ಬಾಗಿಲಿನ ತಗಡನ್ನೂ ನುಡಿಸುತ್ತದೆ. ಒಳ್ಳೆಯ ಸ್ಪೀಕರ್ ಹಾಕಿದಷ್ಟೂ ಬಾಗಿಲಿನ ದೋಷ ಎದ್ದು ಕೇಳುವುದು ಇದಕ್ಕೇ.

ಆದರೆ ಬಾಗಿಲಿನ ಕೆಲಸ ಅಂದರೆ ಸಿಕ್ಕಲ್ಲೆಲ್ಲ ಶೀಟ್ ಅಂಟಿಸುವುದಲ್ಲ. ಮಳೆ ನೀರು ಗ್ಲಾಸ್ ಹಿಡಿದು ಬಾಗಿಲ ಒಳಗೆ ಇಳಿದೇ ಇಳಿಯುತ್ತದೆ. ಅದು ಹೊರಹೋಗಲು ಬಾಗಿಲ ತಳದಲ್ಲಿ ಸಣ್ಣ ತೂತುಗಳಿವೆ. ಅವು ಮುಚ್ಚಿದರೆ ನೀರು ಒಳಗೇ ನಿಂತು, ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಕಿತ್ತೆಸೆದು ಹಾಗೇ ಬಿಟ್ಟರೆ ನೀರು ಪ್ಯಾಡ್‌ಗೆ, ಅಲ್ಲಿಂದ ಕಾರ್ಪೆಟ್‌ಗೆ ಬರುತ್ತದೆ. ಇನ್ನೊಂದು ಮಾತು, ಇದು ಜೀವದ ವಿಷಯ. ಕೆಲವು ಕಾರುಗಳ ಬಾಗಿಲೊಳಗೆ ಸೈಡ್ ಏರ್‌ಬ್ಯಾಗ್‌ಗೆ ಸೇರಿದ ಸೆನ್ಸರ್ ಇರುತ್ತದೆ. ಪಕ್ಕದಿಂದ ಗುದ್ದಿದಾಗ ಬಾಗಿಲೊಳಗಿನ ಗಾಳಿಯ ಒತ್ತಡ ದಿಢೀರ್ ಏರುವುದನ್ನು ಅದು ಗುರುತಿಸುತ್ತದೆ. ಅಂಥ ಬಾಗಿಲಲ್ಲಿ ನಾವು ಹೊಸ ತೂತು ಕೊರೆಯುವುದಿಲ್ಲ, ಇರುವ ತೂತುಗಳನ್ನು ನಮ್ಮಿಷ್ಟದಂತೆ ಮುಚ್ಚುವುದೂ ಇಲ್ಲ. ಬೇಸ್ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ. ಈ ವಿಷಯದಲ್ಲಿ ದಯವಿಟ್ಟು ಒತ್ತಾಯ ಮಾಡಬೇಡಿ.

ಇಡೀ ದಿನ ಯಾಕೆ ಅಂದರೆ, ಇಂಥ ಸಣ್ಣ ಸಣ್ಣ ಕೆಲಸಗಳೇ ಸಮಯ ತಿನ್ನುತ್ತವೆ. ಎಷ್ಟೋ ಕಂಪನಿ ಸ್ಪೀಕರ್‌ಗಳನ್ನು ಸ್ಕ್ರೂ ಬದಲು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಅದನ್ನು ಡ್ರಿಲ್ ಮಾಡಿ ತೆಗೆಯಬೇಕು. ಹಾಗೆ ತೆಗೆದಾಗ ಉದುರುವ ಕಬ್ಬಿಣದ ಪುಡಿಯನ್ನು ಒರೆಸದೆ ಬಿಟ್ಟರೆ ಹೊಸ ಸ್ಪೀಕರ್‌ನ ಮ್ಯಾಗ್ನೆಟ್ ಎಳೆದುಕೊಳ್ಳುತ್ತದೆ. ಒಂದು ಚೂರು, ಕೋನ್ ಅಲ್ಲಾಡಿಸುವ ತಂತಿ ಸುರುಳಿಯಾದ ಕಾಯಿಲ್ ಪಕ್ಕಕ್ಕೆ ಸೇರಿದರೂ ಸಾಕು, ಸ್ಪೀಕರ್ ಕೆರೆಯತೊಡಗುತ್ತದೆ. ರಿಂಗ್‌ಗೆ ನಾವು ಗಟ್ಟಿ ಪ್ಲಾಸ್ಟಿಕ್ ಬಳಸುತ್ತೇವೆ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬಳಸುವುದಿಲ್ಲ. ಅದು ತೇವ ಕುಡಿದು ಉಬ್ಬುತ್ತದೆ. ಗ್ಲಾಸ್ ಪೂರ್ತಿ ಇಳಿಸಿ ಮ್ಯಾಗ್ನೆಟ್‌ಗೆ ತಾಗುತ್ತದಾ ಅಂತ ನೋಡದೆ ಪ್ಯಾಡ್ ಮುಚ್ಚುವುದಿಲ್ಲ.

ವೈರ್ ಕತ್ತರಿಸುವುದನ್ನೂ ನಿಲ್ಲಿಸಿದ್ದೇವೆ. ಕಾರಿನ ಕಪ್ಲರ್‌ಗೆ ಸರಿಹೊಂದುವ ಕಪ್ಲರ್ ಇಟ್ಟೇ ಜೋಡಿಸುತ್ತೇವೆ. ಬಿಚ್ಚಿದ ಹಳೆಯ ಸ್ಪೀಕರ್‌ಗಳನ್ನು ಯಾವ ಬಾಗಿಲಿನದು ಅಂತ ಬರೆದು ಡಬ್ಬಿಯಲ್ಲಿಟ್ಟು ನಿಮಗೇ ಕೊಡುತ್ತೇವೆ. ಎಸೆಯಬೇಡಿ. ಕಾರು ಮಾರುವಾಗ ಅವನ್ನೇ ಹಾಕಿ, ಹೊಸದನ್ನು ಮುಂದಿನ ಕಾರಿಗೆ ಒಯ್ಯಬಹುದು.

ಹಿಂದಿನ ಸ್ಪೀಕರ್ ಯಾಕೆ ಬೇಡ? ಹೆಚ್ಚಿನ ಹೊತ್ತು ಕೇಳುವವರು ಮುಂದೆ ಕೂತಿರುತ್ತಾರೆ. ಹಾಡುವವರು ಎದುರಿಗೆ, ಡ್ಯಾಶ್‌ಬೋರ್ಡ್ ಮೇಲೆ ಕೂತು ಹಾಡಿದ ಹಾಗೆ ಕೇಳಬೇಕು. ಬೆನ್ನ ಹಿಂದಿನಿಂದ ಜೋರಾಗಿ ಸದ್ದು ಬಂದರೆ ಆ ಚಿತ್ರ ಕೆಡುತ್ತದೆ. ಸಾಧಾರಣ ಸ್ಪೀಕರ್ ನಾಲ್ಕು ಕೊಳ್ಳುವ ದುಡ್ಡನ್ನು ಮುಂದಿನ ಒಂದು ಒಳ್ಳೆಯ ಜೋಡಿಗೆ, ಅದರ ಬಾಗಿಲಿಗೆ ಹಾಕಿ ಅನ್ನುವುದು ನಮ್ಮ ಸಲಹೆ. ಹಿಂದೆ ಕಂಪನಿಯದೇ ಇರಲಿ. ನಿಮ್ಮ ಕಾರಲ್ಲಿ ಹಿಂದೆ ಕೂರುವವರೇ ಜಾಸ್ತಿ ಆದರೆ ಮೊದಲೇ ಹೇಳಿ, ಅದಕ್ಕೆ ತಕ್ಕಂತೆ ಯೋಚಿಸೋಣ.

ಡಬ್ಬದ ಮೇಲಿನ ವ್ಯಾಟ್ ನೋಡಿ ಸ್ಪೀಕರ್ ಆರಿಸುವುದನ್ನು ದಯವಿಟ್ಟು ಬಿಡಿ. ಅಲ್ಲಿ ದೊಡ್ಡದಾಗಿ ಅಚ್ಚಾಗಿರುವುದು ಹೆಚ್ಚಾಗಿ ಒಂದು ಕ್ಷಣ ತಡೆದುಕೊಳ್ಳುವ ಶಕ್ತಿ. ಸ್ಟೀರಿಯೊ ಮೇಲೆ 50 ವ್ಯಾಟ್ ಅಂತ ಇದ್ದರೂ ಅದು ಒಂದೊಂದು ಸ್ಪೀಕರ್‌ಗೆ ಬಿಡದೆ ಕೊಡುವುದು ಸುಮಾರು 15ರಿಂದ 20 ವ್ಯಾಟ್. ಬೇರೆ ಆಂಪ್ಲಿಫೈಯರ್ ಇಲ್ಲದಿದ್ದರೆ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರ್ ಕೊಟ್ಟರೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವುದನ್ನು ನೋಡಬೇಕು. ಅದನ್ನು ಡೆಸಿಬಲ್‌ನಲ್ಲಿ ಬರೆದಿರುತ್ತಾರೆ. 3 ಡೆಸಿಬಲ್ ಕಡಿಮೆಯಾದರೆ ಅಷ್ಟೇ ಸದ್ದಿಗೆ ಎರಡರಷ್ಟು ಪವರ್ ಬೇಕು. ಹಾಗಾಗಿ 92 ಡೆಸಿಬಲ್ ಸ್ಪೀಕರ್ 20 ವ್ಯಾಟ್‌ನಲ್ಲಿ ಕೊಡುವ ಸದ್ದಿಗೆ 89 ಡೆಸಿಬಲ್‌ನದಕ್ಕೆ 40 ವ್ಯಾಟ್ ಕೊಡಬೇಕು. ಓಮ್ಸ್ ಅನ್ನು, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯನ್ನು, ನಾವು ಮೀಟರ್ ಹಿಡಿದು ನೋಡುತ್ತೇವೆ. 4 ಓಮ್ಸ್‌ಗೆ ಮಾಡಿದ ಸ್ಟೀರಿಯೊಗೆ 2 ಓಮ್ಸ್ ಸ್ಪೀಕರ್ ಹಾಕಿದರೆ ಸ್ಟೀರಿಯೊ ಬಿಸಿಯಾಗಿ ಕೆಡಬಹುದು.

ಕೆಲವು ಕಾರುಗಳಿಗೆ ಬದಲಾವಣೆಯೇ ಬೇಡ ಅನ್ನುತ್ತೇವೆ. ಕಂಪನಿಯಿಂದಲೇ ಪ್ರತ್ಯೇಕ ಆಂಪ್ಲಿಫೈಯರ್ ಬಂದಿರುವ ಕಾರುಗಳಲ್ಲಿ ಸಾಮಾನ್ಯವಾಗಿ ಸದ್ದನ್ನು ಅದೇ ಸ್ಪೀಕರ್‌ಗಳ ಗುಣ ನೋಡಿ ತಿದ್ದಿರುತ್ತಾರೆ. ಅಲ್ಲಿ ಸ್ಪೀಕರ್ ಒಂದನ್ನೇ ಬದಲಿಸಿದರೆ ಆ ತಿದ್ದುಪಡಿಯೇ ಹೊಸ ಸ್ಪೀಕರ್‌ಗೆ ಅಡ್ಡಿಯಾಗಬಹುದು. ಅಂಥ ಕಾರಿಗೆ ಬಾಗಿಲಿನ ಕೆಲಸ ಮಾತ್ರ ಮಾಡಿಸಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಇನ್ನು ದಿನಕ್ಕೆ ಒಂದೇ ಕಾರು ತೆಗೆದುಕೊಳ್ಳುತ್ತೇವೆ, ಹಾಗಾಗಿ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಕೂಲಿ ಮೊದಲಿಗಿಂತ ಜಾಸ್ತಿ ಆಗುತ್ತದೆ. ಎರಡೇ ಸ್ಪೀಕರ್ ಸಾಕಾಗುವುದರಿಂದ ಸಾಮಾನಿನ ಖರ್ಚು ಹೆಚ್ಚಾಗಬೇಕಿಲ್ಲ. ಬರುವಾಗ ಬಾಗಿಲ ಜೇಬಿನಲ್ಲಿರುವ ಬಾಟಲಿ, ಚಿಲ್ಲರೆ, ಕಾಗದ ಎಲ್ಲ ತೆಗೆದಿಡಿ. ಗರಗರ ಅನ್ನುವುದು ಕೆಲವು ಸಲ ಅವೇ ಆಗಿರುತ್ತವೆ. ನೀವು ನೂರಾರು ಸಲ ಕೇಳಿದ ನಾಲ್ಕೈದು ಹಾಡು ತನ್ನಿ. ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಅದೇ ವಾಲ್ಯೂಮ್‌ನಲ್ಲಿ ಜೊತೆಗೆ ಕೂತು ಕೇಳೋಣ. ಎರಡು ವಾರ ಬಿಟ್ಟು ಇನ್ನೊಮ್ಮೆ ಬನ್ನಿ, ಸ್ಕ್ರೂ ಮತ್ತು ಕ್ಲಿಪ್ ನೋಡಿಕೊಡುತ್ತೇವೆ. ಅದಕ್ಕೆ ದುಡ್ಡಿಲ್ಲ.

ಈಗಾಗಲೇ ನಮ್ಮಲ್ಲಿ ಬರೀ ಸ್ಪೀಕರ್ ಹಾಕಿಸಿಕೊಂಡವರಿಗೆ ಮುಂದಿನ ಬಾಗಿಲುಗಳ ಕೆಲಸವನ್ನು ಕೂಲಿ ಇಲ್ಲದೆ ಮಾಡಿಕೊಡುತ್ತೇವೆ. ಶೀಟ್ ಮತ್ತು ರಿಂಗ್‌ನ ಅಸಲು ಮಾತ್ರ ಕೊಡಿ. ಬಿಲ್ ಹುಡುಕಬೇಕಾಗಿಲ್ಲ. ಕಾರಿನ ನಂಬರ್ ಹೇಳಿದರೆ ಸಾಕು, ನಮ್ಮ ಪುಸ್ತಕದಲ್ಲಿ ಬರೆದಿದೆ.

ಇಂತಿ ನಿಮ್ಮವರು,
ಅಂಗಡಿಯ ಎಲ್ಲರೂ