ತಾತನ ನಾಣ್ಯಗಳ ಬಗ್ಗೆ

ಚಿ. ರಮ್ಯಾಳಿಗೆ ಮಾವನ ಆಶೀರ್ವಾದಗಳು.

ತಾತನ ನಾಣ್ಯದ ಡಬ್ಬಿ ನಿನ್ನ ಕೈಗೆ ಬಂದದ್ದು ತುಂಬಾ ಖುಷಿಯಾಯಿತು. ಬೆಳ್ಳಿ ರೂಪಾಯಿಗಳು ಕಪ್ಪಾಗಿವೆ, ಹುಣಸೆಹಣ್ಣು ಹಾಕಿ ತಿಕ್ಕಲಾ ಅಂತ ಕೇಳಿದ್ದೀಯಲ್ಲ, ಖಂಡಿತ ಬೇಡ. ವಿಭೂತಿ, ನಿಂಬೆಹಣ್ಣು, ಟೂತ್‌ಪೇಸ್ಟ್ ಯಾವುದೂ ಬೇಡ. ಆ ಕಪ್ಪು ಎಷ್ಟೋ ವರ್ಷದಿಂದ ತಾನಾಗಿ ಕೂತದ್ದು. ತಿಕ್ಕಿದರೆ ಅದರ ಜೊತೆ ನಾಣ್ಯದ ಮೂಲ ಮೈಯೂ ಹೋಗುತ್ತದೆ, ಸಣ್ಣ ಸಣ್ಣ ಗೀರು ಉಳಿಯುತ್ತವೆ. ಬಲ್ಲವರಿಗೆ ಲೆನ್ಸ್ ಹಿಡಿದ ಕೂಡಲೇ ಗೊತ್ತಾಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

ನೀನು ನೋಡಬೇಕಾದದ್ದು ಸವೆತವನ್ನು. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿ ನೋಡು. ಉಬ್ಬಿದ ಭಾಗ ಮೊದಲು ಸವೆಯುತ್ತದೆ. ಬ್ರಿಟಿಷ್ ದೊರೆ ಐದನೇ ಜಾರ್ಜ್‌ನ ಚಿತ್ರವಿರುವ ರೂಪಾಯಿಯಲ್ಲಿ ಅವನ ಕಿರೀಟ, ಕಿವಿಯ ಸುತ್ತಿನ ಕೂದಲು, ನಿಲುವಂಗಿಯ ಕುಸುರಿ ನೋಡು. ಆ ಕುಸುರಿ ಬಿಡಿಬಿಡಿಯಾಗಿ ಕಂಡರೆ ಒಳ್ಳೆಯ ನಾಣ್ಯ. ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆಯೂ ಇದೆ. 1911ರ ರೂಪಾಯಿಯಲ್ಲಿ ಅದು ಹಂದಿಯಂತೆ ಕಾಣುತ್ತದೆ ಅಂತ ಜನ ಸಿಟ್ಟಾದರು, 1912ರಲ್ಲಿ ಅಚ್ಚನ್ನೇ ತಿದ್ದಿದರು. ಡಬ್ಬಿಯಲ್ಲಿ 1911ರದ್ದು ಸಿಕ್ಕರೆ ಬೇರೆ ಎತ್ತಿಡು.

ತೂಕವನ್ನೂ ನೋಡು. ಈ ರೂಪಾಯಿ ಹೊಸದರಲ್ಲಿ 11.66 ಗ್ರಾಂ ಇರುತ್ತಿತ್ತು. ಓಡಾಡಿದ ನಾಣ್ಯ ಸ್ವಲ್ಪ ಕಡಿಮೆ ತೂಗುವುದು ಸಹಜ. ನೋಡಲು ಹೊಸದರಂತಿದ್ದು ತೂಕ ಮಾತ್ರ ತೀರಾ ಕಡಿಮೆಯಿದ್ದರೆ ಅನುಮಾನಪಡು. ಅಂಚನ್ನೂ ಸುತ್ತಲೂ ತಿರುಗಿಸಿ ನೋಡು. ನಮ್ಮ ಕಡೆ ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಹಾಕುತ್ತಿದ್ದರಲ್ವಾ, ಕೊಂಡಿ ಕಿತ್ತರೂ ಬೆಸುಗೆಯ ಗುರುತು ಅಂಚಿನಲ್ಲಿ ಉಳಿದಿರುತ್ತದೆ.

ಟಿಪ್ಪು ಕಾಲದ ತಾಮ್ರದ ಕಾಸುಗಳನ್ನು ಮಾತ್ರ ಈ ಅಳತೆಯಲ್ಲಿ ನೋಡಬೇಡ. ಅವನ್ನು ಕೈಯಲ್ಲೇ ಸುತ್ತಿಗೆಯಿಂದ ಹೊಡೆದು ಅಚ್ಚು ಹಾಕುತ್ತಿದ್ದರು. ಎಷ್ಟೋ ಸಲ ಅಚ್ಚು ಪಕ್ಕಕ್ಕೆ ಸರಿದು, ಕಾಸಿನ ಮೇಲಿನ ಆನೆಯ ಚಿತ್ರದಲ್ಲಿ ಸೊಂಡಿಲೋ ಬಾಲವೋ ಬಿಲ್ಲೆಯ ಆಚೆ ಹೋಗಿಬಿಡುತ್ತಿತ್ತು. ಅದು ಸವೆತವಲ್ಲ, ಹುಟ್ಟಿದ್ದೇ ಹಾಗೆ. ಬಿದ್ದಷ್ಟು ಚಿತ್ರದ ಗೆರೆ ಚೂಪಾಗಿದೆಯಾ, ಹಿಂದೆ ಪಾರಸಿ ಅಕ್ಷರದಲ್ಲಿರುವ ಟಂಕಸಾಲೆಯ ಹೆಸರು ಓದುವಂತಿದೆಯಾ, ಅಷ್ಟು ನೋಡು. ನನಗಂತೂ ಇಡೀ ಡಬ್ಬಿಯಲ್ಲಿ ಇವುಗಳ ಮೇಲೇ ಪ್ರೀತಿ ಜಾಸ್ತಿ.

ತಾಮ್ರದ ಮೇಲೆ ನುಣುಪಾಗಿ ಕೂತ ಕಂದು ಬಣ್ಣ ಒಳ್ಳೆಯದು, ಮುಟ್ಟಬೇಡ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಆ ಕಾಸನ್ನು ಇವತ್ತೇ ಬೇರೆಯಿಡು. ಆ ಕಿಲುಬು ನಾಣ್ಯವನ್ನು ತಿನ್ನುತ್ತಾ ಹೋಗುತ್ತದೆ. ಮೆತ್ತನೆಯ ಪಿವಿಸಿ ಕವರ್‌ಗಳಲ್ಲಿ ಯಾವುದನ್ನೂ ಇಡಬೇಡ, ಕ್ರಮೇಣ ಅಂಟು ಬಿಡುತ್ತವೆ. ತಾತ ಸುತ್ತಿಟ್ಟ ಚೀಟಿಗಳನ್ನು ಎಸೆಯಬೇಡ. ಯಾವ ನಾಣ್ಯ ಎಲ್ಲಿ ಸಿಕ್ಕಿತು ಅಂತ ಅವರು ಬರೆದಿರುತ್ತಿದ್ದರು. ಆಯಾ ನಾಣ್ಯದ ಜೊತೆಗೇ ಇಡು.

ಬೆಲೆ ಕೇಳಲು ಯಾರ ಹತ್ತಿರವೂ ಅವಸರದಲ್ಲಿ ಹೋಗಬೇಡ. ಮೊದಲು ಎರಡೂ ಮುಖದ ಫೋಟೊ, ತೂಕ, ಇಸವಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ದೀಪಾವಳಿಗೆ ಬಂದಾಗ ಕೂತು ನೋಡೋಣ.

ಇಂತಿ,
ನಿನ್ನ ಮಾವ